ಹಬೇರೆಯ ಬೆನ್ನು ಹತ್ತು

ಫ್ರೆಂಚ್ ಒಂದು ಹದಕ್ಕೆ ಬಂತು, ಇನ್ನು ಸ್ಪ್ಯಾನಿಷ್, ಇಟಾಲಿಯನ್ ಹಿಡಿಯುತ್ತೇನೆ ಅಂದೆಯಲ್ಲ ಮಗಳೇ, ಬಹಳ ಸಂತೋಷ. ಆದರೆ ಒಂದೊಂದಕ್ಕೂ ಬೇರೆ ನೋಟ್‌ಬುಕ್ಕು ಮಾಡಿಕೊಂಡು ಕ್ರಿಯಾಪದಗಳನ್ನು ಉರುಹೊಡೆಯಲು ಕೂರಬೇಡ. ಲ್ಯಾಟಿನ್ನಿನ ‘ಹಬೇರೆ’ಯ ಬೆನ್ನು ಹತ್ತು. ‘ಹೊಂದಿರು’ ಎಂಬ ಅರ್ಥದ ಕ್ರಿಯಾಪದ ಅದು. ಫ್ರೆಂಚಿನ ಅವ್ವಾರ್, ಇಟಾಲಿಯನ್ನಿನ ಅವೇರೆ, ಸ್ಪ್ಯಾನಿಷ್ಷಿನ ಅಬೇರ್, ಪೋರ್ಚುಗೀಸಿನ ಅವೇರ್, ರೊಮೇನಿಯನ್ನಿನ ಅವ್ಯಾ ಎಲ್ಲವೂ ಅದರಿಂದಲೇ ಹುಟ್ಟಿದವು. ಇಂಗ್ಲಿಷಿನ ‘ಹ್ಯಾವ್’ ಮಾತ್ರ ಇದರ ನೆಂಟನಲ್ಲ, ಸದ್ದು ಹೋಲುತ್ತದೆ ಅಷ್ಟೆ.

ಇದರಲ್ಲಿ ನನಗೆ ತುಂಬ ಇಷ್ಟವಾದದ್ದು ಭವಿಷ್ಯತ್ಕಾಲ. ಹಳೆಯ ಲ್ಯಾಟಿನ್ನಿನ ಭವಿಷ್ಯತ್ ರೂಪಗಳು ಬಳಕೆ ತಪ್ಪುತ್ತ ಬಂದಾಗ ಜನ ‘ಕಾಂತಾರೆ ಹಬೆಯೊ’ ಅನ್ನತೊಡಗಿದರು. ನಾವು ‘ನನಗೆ ಹಾಡಲಿಕ್ಕಿದೆ’ ಅನ್ನುವುದಿಲ್ಲವೇ, ಹಾಗೆ. ಆಡುತ್ತ ಆಡುತ್ತ ಎರಡೂ ಬೆಸೆದು ಇಟಾಲಿಯನ್ನಿನಲ್ಲಿ ಕಾಂತೆರೊ, ಸ್ಪ್ಯಾನಿಷ್ಷಿನಲ್ಲಿ ಕಾಂತಾರೆ, ಫ್ರೆಂಚಿನಲ್ಲಿ ಶಾಂತ್ರೆ ಆದವು. 7ನೇ ಶತಮಾನದ ಫ್ರೆಡೆಗಾರನ ವೃತ್ತಾಂತದಲ್ಲಿ ಒಂದು ಕಥೆಯಿದೆ. ಗೆದ್ದ ನಾಡುಗಳನ್ನು ಹಿಂದಿರುಗಿಸು ಎಂದಾಗ ಸೆರೆಸಿಕ್ಕ ದೊರೆ ‘ಕೊಡೆ’ ಎನ್ನುತ್ತಾನೆ, ಚಕ್ರವರ್ತಿ ಜಸ್ಟಿನಿಯನ್ ‘ದರಾಸ್’, ಅಂದರೆ ‘ಕೊಡುತ್ತೀಯೆ’ ಎನ್ನುತ್ತಾನೆ. ದರಾಸ್ ಎಂಬ ಊರಿಗೆ ಹೆಸರು ಬಂದದ್ದು ಹೀಗೆ ಎಂದು ಹೇಳುವ ಕಥೆ ಅದು. ಊರಿನ ವಿಷಯ ಹಾಗಿರಲಿ, ಆ ಕ್ರಿಯಾರೂಪ ಇಂದಿಗೂ ಸ್ಪ್ಯಾನಿಷ್ಷಿನಲ್ಲಿ ಹಾಗೆಯೇ ಇದೆ. ಪೋರ್ಚುಗೀಸ್ ಬರಹದಲ್ಲಂತೂ ಹೊಲಿಗೆಯೇ ಕಾಣುತ್ತದೆ: ‘ನಿನಗೆ ಕೊಡುವೆ’ ಎನ್ನಲು ‘ದಾರ್-ತೆ-ಎಯ್’ ಎಂದು ಸರ್ವನಾಮವನ್ನು ನಡುವೆ ಸೇರಿಸಿ ಬರೆಯಬಹುದು.

ಹಾಗಾಗಿ ಅವ್ವಾರ್‌ನ ವರ್ತಮಾನ ರೂಪಗಳು ನಿನ್ನ ನಾಲಿಗೆಯ ಮೇಲಿದ್ದರೆ ಭವಿಷ್ಯತ್ತಿನ ಪ್ರತ್ಯಯಗಳನ್ನು ಹೊಸದಾಗಿ ಕಲಿಯುವ ಕೆಲಸ ಬಹುಪಾಲು ತಪ್ಪುತ್ತದೆ.

ಇನ್ನೊಂದು ಮಾತು. ಕನ್ನಡದಲ್ಲಿ ‘ನನಗೆ ಮನೆಯಿದೆ’ ಅನ್ನುತ್ತೇವೆ, ‘ಹೊಂದಿರು’ ಎಂಬ ಕ್ರಿಯಾಪದ ಅಲ್ಲಿ ಬರುವುದಿಲ್ಲ. ಇದನ್ನು ಕೊರತೆಯೆಂದು ತಿಳಿಯಬೇಡ. ಲ್ಯಾಟಿನ್ನಿನಲ್ಲೂ ‘ಮಿಹಿ ಎಸ್ಟ್’, ಅಂದರೆ ‘ನನಗೆ ಇದೆ’ ಎಂಬ ಕಟ್ಟು ಹಬೇರೆಯ ಜೊತೆಯಲ್ಲೇ ನಡೆಯುತ್ತಿತ್ತು. ಇಂಗ್ಲಿಷನ್ನು ಬಳಸಿಕೊಂಡು ಸುತ್ತಿ ಬರುವ ಬದಲು ಆ ಕಟ್ಟಿಗೆ ಕನ್ನಡದಿಂದಲೇ ನೇರ ದಾಟು.

ಸ್ಪ್ಯಾನಿಷ್ಷಿನಲ್ಲಿ ಮಾತ್ರ ಎಚ್ಚರ. ಅಲ್ಲಿ ಅಬೇರ್‌ಗೆ ಉಳಿದದ್ದು ‘ತಿಂದಿದ್ದೇನೆ’ ಎಂಬಂಥ ಕಡೆ ಸಹಾಯಕ ಕ್ರಿಯಾಪದವಾಗಿ ನಿಲ್ಲುವುದು, ‘ಇದೆ, ಇವೆ’ ಎನ್ನುವ ‘ಆಯ್’ ಆಗಿ ಬರುವುದು, ಇಂಥ ಕೆಲಸಗಳು. ಪುಸ್ತಕ ನನ್ನ ಬಳಿ ಇದೆ ಎನ್ನಲು ‘ಹಿಡಿ’ ಎಂಬರ್ಥದ ಲ್ಯಾಟಿನ್ ತೆನೇರೆಯಿಂದ ಬಂದ ‘ತೆನೇರ್’ ಬೇಕು. ಮೊದಲ ವಾರವೇ ತೆಂಗೊ, ತಿಯೆನೆಸ್, ತಿಯೆನೆ ಎಂದು ಗಟ್ಟಿಯಾಗಿ ಹೇಳಿಕೋ. ವಯಸ್ಸು ಹೇಳುವುದಕ್ಕೂ ಹಸಿವಾಗಿದೆ ಎನ್ನುವುದಕ್ಕೂ ಅಲ್ಲಿ ಅದೇ ಕ್ರಿಯಾಪದ.