ಅಗ್ಗದ ಡೆಕ್‌ನ ಲೆಕ್ಕ: ಸಂಭವನೀಯತೆಗೊಂದು ಚಟುವಟಿಕೆ

ತರಗತಿ: 10. ಘಟಕ: ಸಂಭವನೀಯತೆ (ಪೂರಕ ಘಟನೆ).
ಸಾಮಗ್ರಿ: ಪ್ರತಿ ಗುಂಪಿಗೆ 60 ರಟ್ಟಿನ ಚೀಟಿ, ಕ್ಯಾಲ್ಕುಲೇಟರ್.

ಹಿನ್ನೆಲೆ: ಗಣಿತಜ್ಞ ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ ‘ಮ್ಯಾಜಿಕ್: ದ ಗ್ಯಾದರಿಂಗ್’ ಕಾರ್ಡ್ ಆಟ 1993ರಲ್ಲಿ ಬಂತು. ಸಾಮಾನ್ಯವಾಗಿ ಡೆಕ್‌ನಲ್ಲಿ 60 ಕಾರ್ಡು. ಬೇಸಿಕ್ ಲ್ಯಾಂಡ್ ಬಿಟ್ಟರೆ ಒಂದೇ ಹೆಸರಿನವು 4 ಮೀರುವಂತಿಲ್ಲ. ಮೊದಲು ಕೈಗೆ 7. ಅಪರೂಪದ ಕಾರ್ಡು ಕೊಳ್ಳಲಾಗದವರು ಅದೇ ಬಗೆಯ ಕೆಲಸ ಮಾಡುವ ಎರಡು ಅಗ್ಗದ ಕಾರ್ಡುಗಳನ್ನು ನಾಲ್ಕು ನಾಲ್ಕರಂತೆ ಸೇರಿಸಬಹುದು.

“ದುಬಾರಿ ಕಾರ್ಡಿದ್ದವರೇ ಗೆಲ್ಲೋದಲ್ವಾ ಮಿಸ್?” ಎಂದು ವಿದ್ಯಾರ್ಥಿಯೊಬ್ಬ ಕೇಳಿದ. ಪರೀಕ್ಷಿಸೋಣ ಎಂದೆ.

ಚಟುವಟಿಕೆ: ಮೊದಲು 4 ಚೀಟಿಗೆ, ನಂತರ 8 ಚೀಟಿಗೆ ಗುರುತು ಹಾಕಿಸಿದೆ. ಪ್ರತಿ ಸಲ ಚೆನ್ನಾಗಿ ಕಲಸಿ 7 ಎಳೆದು, ಗುರುತಿನ ಚೀಟಿ ಬಂತೇ ಎಂದು ದಾಖಲಿಸಿದರು.

ಲೆಕ್ಕ: 4 ಇದ್ದಾಗ ಒಂದೂ ಬಾರದಿರುವ ಸಂಭವನೀಯತೆ 56/60 × 55/59 × … × 50/54 ≈ 0.60. ಆದ್ದರಿಂದ ಕನಿಷ್ಠ ಒಂದು ಬರುವುದು 0.40. 8 ಇದ್ದಾಗ 0.65.

ಅವಲೋಕನ: ಹತ್ತೇ ಸಲ ಎಳೆದ ಗುಂಪುಗಳ ಫಲಿತಾಂಶ ಒಂದಕ್ಕೊಂದು ತಾಳೆಯಾಗಲಿಲ್ಲ, ಎಲ್ಲರದನ್ನೂ ಕೂಡಿಸಿದಾಗ ಲೆಕ್ಕದ ಹತ್ತಿರ ಬಂತು. ನಾಲ್ಕು ಆಟ ಗೆದ್ದ ಮಾತ್ರಕ್ಕೆ ಡೆಕ್ ಒಳ್ಳೆಯದೆನ್ನಲಾಗದು ಎಂಬುದನ್ನು ಮಕ್ಕಳೇ ಹೇಳಿದರು. ಅಗ್ಗದ ಡೆಕ್ ಗೆಲ್ಲುತ್ತದೆಂದು ಇದು ಸಾಧಿಸುವುದಿಲ್ಲ. ಕಾರ್ಡಿನ ಬಲ ಬೇರೆ, ಅದು ಕೈಗೆ ಬರುವ ಸಾಧ್ಯತೆ ಬೇರೆ. ಎರಡನೆಯದಕ್ಕೆ ಬೆಲೆಯ ಹಂಗಿಲ್ಲ.