ಕಾವಲು ಮುಗಿದರೂ ನಿದ್ದೆ ಬಾರದವರು

ಪ್ರಶ್ನೆ: ನಮ್ಮ ಯಜಮಾನರು ಹವಾಲ್ದಾರರಾಗಿದ್ದು ನಿವೃತ್ತರಾದವರು. ಬಹುಕಾಲ ಕಾಶ್ಮೀರದಲ್ಲಿದ್ದರು. ಈಗ ನಿದ್ದೆಯಿಲ್ಲ, ಸಣ್ಣ ಸದ್ದಿಗೂ ಬೆಚ್ಚಿ ಏಳುತ್ತಾರೆ, ಕುಡಿತ ಹೆಚ್ಚಿದೆ. ಕಳೆದ ತಿಂಗಳು ಅವರ ಜೊತೆಗಿದ್ದ ಫೌಜಿಯೊಬ್ಬರು ಆತ್ಮಹತ್ಯೆ ಮಾಡಿಕೊಂಡರು. ಸಾವಿನ ಮನೆಯಲ್ಲಿ ನಮ್ಮ ಭಾವನವರೇ ‘ಸೈನಿಕನಿಗೆ ಇಂಥ ಹೇಡಿತನವಾ’ ಎಂದರು. ಇವರು ತುಟಿ ಬಿಚ್ಚಲಿಲ್ಲ. ರಾತ್ರಿ ಮಾತ್ರ ‘ಅವನು ಪಾರಾದ’ ಎಂದರು. ಕೇಳಲೂ ಭಯ, ಸುಮ್ಮನಿರಲೂ ಭಯ. ಮನೆಯಲ್ಲಿ ಕೋವಿಯಿದೆ.
– ಓದುಗರು, ಕೊಡಗು

ಉತ್ತರ: ಆ ಮಾತು ಕೇಳಿ ನಿಮ್ಮ ಎದೆ ಧಸಕ್ಕೆಂದಿರಬೇಕು. ‘ಕುಡಿದ ಮಾತು’ ಎಂದು ತಳ್ಳಿಹಾಕದೆ ಬರೆದಿರಲ್ಲ, ಒಳ್ಳೆಯದಾಯಿತು. ನಿಮ್ಮ ಭಯ ಅತಿಯಾದದ್ದಲ್ಲ.

ಪತ್ರ ಓದಿಯೇ ಇದು ಇಂಥ ಕಾಯಿಲೆ ಎನ್ನಲಾಗದು. ಆದರೆ ಹೇಡಿತನವಂತೂ ಅಲ್ಲ. ಸಣ್ಣ ಸದ್ದಿಗೆ ಎಚ್ಚರಾಗುವುದರಲ್ಲೇ ಎಷ್ಟೋ ವರ್ಷ ಅವರ ಜೀವ, ಜೊತೆಯವರ ಜೀವ ನಿಂತಿತ್ತು. ನಿವೃತ್ತಿಯ ಕಾಗದ ಕೈಗೆ ಬಂದ ಮಾತ್ರಕ್ಕೆ ಮೈ ಆ ಪಾಠ ಮರೆಯುವುದಿಲ್ಲ. ಮೊದಲ ಮಹಾಯುದ್ಧದಲ್ಲಿ ಓಡಿಹೋದರು, ಹೇಡಿಗಳಾದರು ಎಂಬಂಥ ಆರೋಪ ಹೊರಿಸಿ ಬ್ರಿಟಿಷ್ ಸೇನೆ ತನ್ನವರನ್ನೇ ಗುಂಡಿಕ್ಕಿ ಕೊಂದಿತ್ತು. ಅವರಲ್ಲಿ ಕೆಲವರು, ಆಗ ‘ಶೆಲ್ ಶಾಕ್’ ಎನ್ನುತ್ತಿದ್ದ ಮಾನಸಿಕ ಆಘಾತಕ್ಕೆ ಸಿಕ್ಕಿದ್ದವರು. ಹಾಗೆ ಗುಂಡಿಗೆ ಬಲಿಯಾದ 306 ಮಂದಿಗೆ ಕ್ಷಮೆ ಸಿಕ್ಕಿದ್ದು 2006ರಲ್ಲಿ. ಅಷ್ಟು ತಡವಾಗಿ ಅರ್ಥವಾದದ್ದನ್ನು ನಮ್ಮ ಸಾವಿನ ಮನೆಗಳ ಜಗಲಿಯಲ್ಲಿ ಇನ್ನೂ ಹಳೆಯ ಹಾಗೆಯೇ ಆಡುತ್ತೇವೆ. ಭಾವನವರ ಮಾತಿನಲ್ಲಿ ದುಃಖವೂ ಇದ್ದೀತು. ಆದರೆ ನಿಮ್ಮ ಯಜಮಾನರಿಗೆ ಅದು ‘ನಿನ್ನ ಸಂಕಟ ಇಲ್ಲಿ ಹೇಳಬೇಡ’ ಎಂದು ಕೇಳಿಸಿರಬಹುದು.

ಮೊದಲು ಕೋವಿಯ ವಿಷಯ. ಮಗ ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸುವ ನಾಡಿನಲ್ಲಿ ಕೋವಿಯನ್ನು ಮನೆಯಿಂದಾಚೆ ಕಳಿಸುವುದು ಸಣ್ಣ ಮಾತಲ್ಲ, ಬಲ್ಲೆ. ಆದರೂ ಇವತ್ತೇ ಆಗಬೇಕು. ಸಾಯುವ ಯೋಚನೆ ಅಲೆಯಂತೆ ಏರಿ ಇಳಿಯುತ್ತದೆ. ಏರಿದ ಹೊತ್ತಿನಲ್ಲಿ ಕೈಗೆ ಏನೂ ಸಿಗದಿದ್ದರೆ ಎಷ್ಟೋ ಜೀವ ಉಳಿಯುತ್ತದೆ. ಪೊಲೀಸ್ ಠಾಣೆಯಲ್ಲಿ ಜಮೆ ಮಾಡಲು ಕಾನೂನಿನಲ್ಲೇ ಅವಕಾಶವಿದೆ. ನೀವೊಬ್ಬರೇ ಹೊರಡಬೇಡಿ, ಭಾವನವರನ್ನು ಕರೆಯಿರಿ. ಅವರಿಗೊಂದು ಕೆಲಸ ಕೊಟ್ಟ ಹಾಗೂ ಆಯಿತು. ‘ನಿಮಗೆ ನಿದ್ದೆ ಸರಿಹೋಗುವವರೆಗೆ ಮಾತ್ರ’ ಎಂದು ಯಜಮಾನರಿಗೆ ಹೇಳಿಯೇ ಮಾಡಿದರೆ ಒಳ್ಳೆಯದು. ಒಪ್ಪದಿದ್ದರೂ ಅದು ಮನೆಯಲ್ಲಿರಬಾರದು. ತೋಟದ ಔಷಧಿಗೂ ಬೀಗ ಬೀಳಲಿ.

ಇನ್ನು ಕೇಳುವುದು. ಕುಡಿಯದ ಹೊತ್ತು ನೋಡಿ, ಸುತ್ತಿ ಬಳಸದೆ, ‘ನಿಮಗೂ ಸಾಯಬೇಕು ಅನ್ನಿಸುತ್ತಿದೆಯಾ?’ ಎಂದೇ ಕೇಳಿ. ಕೇಳುವುದರಿಂದ ಆ ಯೋಚನೆ ತಲೆಗೆ ಹೊಕ್ಕುವುದಿಲ್ಲ. ಒಬ್ಬರಾದರೂ ಕೇಳಿದರಲ್ಲ ಎಂದು ಹಗುರಾಗುವವರೇ ಹೆಚ್ಚು. ಹೌದೆಂದರೆ ‘ಮಕ್ಕಳ ಮುಖ ನೋಡಿ’ ಎಂದು ಬಾಯಿ ಕಟ್ಟಬೇಡಿ. ಸುಮ್ಮನೆ ಕೂತು ಕೇಳಿ. ಹೇಗೆ, ಯಾವಾಗ ಎಂಬುದನ್ನೂ ಅವರು ಯೋಚಿಸಿದ್ದರೆ ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ, ತುರ್ತಿಗೆ 112.

ಚಿಕಿತ್ಸೆಗೆ, ನಿವೃತ್ತ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್‌ನ ಕಾರ್ಡ್ ಅವರ ಬಳಿ ಇರಬಹುದು, ನೋಡಿ. ಆ ಯೋಜನೆಯ ಪಾಲಿಕ್ಲಿನಿಕ್‌ನ ವೈದ್ಯರು ಮನೋವೈದ್ಯರಿಗೆ ರೆಫರ್ ಮಾಡುತ್ತಾರೆ. ಕುಡಿತದ ಸಂಗತಿಯನ್ನೂ ಮುಚ್ಚಿಡದೆ ಹೇಳಿ. ನೀವಾಗಿ ಒಮ್ಮೆಲೇ ಬಿಡಿಸಲು ಹೋಗಬೇಡಿ, ಅದಕ್ಕೂ ವೈದ್ಯರ ಕಣ್ಗಾವಲು ಬೇಕು. ಸೇವೆಯಲ್ಲಿದ್ದಾಗ ‘ಮೆಡಿಕಲ್ ಕೆಟಗರಿ (ಆರೋಗ್ಯದ ದರ್ಜೆ) ಇಳಿದರೆ’ ಎಂಬ ಅಳುಕಿಗೆ ಮನಸ್ಸಿನ ನೋವು ಮುಚ್ಚಿಟ್ಟು ರೂಢಿಯಾದವರು ಬಹಳ ಮಂದಿ. ನಿವೃತ್ತರು ಮನೋವೈದ್ಯರನ್ನು ಕಂಡರೆ ಪಿಂಚಣಿಗೆ ಕುತ್ತಿಲ್ಲ, ಇದನ್ನು ಅವರಿಗೆ ತಿಳಿಸಿ.

ಅವರು ಬರಲೊಪ್ಪದಿದ್ದರೆ ನೀವೇ ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ಗೆ ಕರೆ ಮಾಡಿ: 14416. ಹಗಲು ರಾತ್ರಿ ಸಿಗುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮನೆಯವರ ಕರೆಗೂ ಅಲ್ಲಿ ಉತ್ತರವಿದೆ. ನೀವೂ ಎಷ್ಟೋ ರಾತ್ರಿಗಳಿಂದ ನಿದ್ದೆಗೆಟ್ಟಿದ್ದೀರಿ. ಕರೆ ಮಾಡಿದಾಗ ಅದನ್ನೂ ಹೇಳಿಕೊಳ್ಳಿ.