ಗೇರ್‌ಬಾಕ್ಸನ್ನು ನಾವೇ ಬಿಚ್ಚಬಹುದೆ?

ಕೆಟ್ಟುನಿಂತ ಯಂತ್ರವೊಂದನ್ನು ಕಂಡಾಗ ಅದನ್ನು ಬಿಚ್ಚಿ ನೋಡಬೇಕೆಂಬ ಆಸೆ ವಿಜ್ಞಾನದ ವಿದ್ಯಾರ್ಥಿಗೆ ಸಹಜವಾದುದು. ಬಿಚ್ಚುವುದು ಸುಲಭ, ಮರಳಿ ಜೋಡಿಸುವುದು ಕಷ್ಟ. ಇವೆರಡಕ್ಕಿಂತಲೂ ಕಷ್ಟವಾದುದು, ಬಿಚ್ಚಬೇಕೆ ಬೇಡವೆ ಎಂಬುದನ್ನು ಮೊದಲೇ ನಿರ್ಧರಿಸುವುದು. ಇದಕ್ಕೆ ಧೈರ್ಯವೊಂದೇ ಸಾಲದು, ಸ್ವಲ್ಪ ಭೌತಶಾಸ್ತ್ರವೂ ಬೇಕು. ನಮ್ಮ ಅನುಭವಕ್ಕೆ ಬಂದ ಒಂದು ನಿದರ್ಶನದಿಂದ ಇದನ್ನು ವಿವರಿಸಲು ಯತ್ನಿಸುತ್ತೇವೆ.

ತಂದೆಯವರು ಬಳಸುತ್ತಿದ್ದ ಹಳೆಯ ಕಾರೊಂದು ನಮ್ಮಲ್ಲಿದೆ. ನಾಲ್ಕು ಗೇರುಗಳು, ಚಾಲನೆ ಹಿಂದಿನ ಗಾಲಿಗಳಿಗೆ. ಕಳೆದ ಮಳೆಗಾಲದಲ್ಲಿ, ಮೂರನೆಯ ಗೇರಿನಿಂದ ಎರಡನೆಯದಕ್ಕೆ ಇಳಿಸುವಾಗಲೆಲ್ಲ ಕರಕರನೆ ಸದ್ದು ಕೇಳಿಸತೊಡಗಿತು. ಇಡೀ ಗೇರ್‌ಬಾಕ್ಸನ್ನೇ ಬದಲಿಸಬೇಕೆಂದು ರಿಪೇರಿ ಅಂಗಡಿಯವರು ಹೇಳಿದರು. ಅವರು ಕೇಳಿದ ಹಣ ನಮ್ಮ ಒಂದು ತಿಂಗಳ ಸಂಬಳವನ್ನು ಮೀರಿತ್ತು. ಗುಜರಿಗೆ ಹಾಕಿಬಿಡಿರೆಂದು ಕೆಲವರು ಸಲಹೆಯಿತ್ತರು. "ನಾವೇ ಬಿಚ್ಚೋಣ ಸಾರ್" ಎಂದರು ನಮ್ಮ ವಿದ್ಯಾರ್ಥಿಗಳು. ವೃದ್ಧರಾದ ತಾಯಿಯವರನ್ನು ತಿಂಗಳಿಗೆರಡು ಸಲ ಆಸ್ಪತ್ರೆಗೆ ಕರೆದೊಯ್ಯುವುದು ಅದೇ ಕಾರಿನಲ್ಲಿ. ಆದುದರಿಂದ ತಪ್ಪು ನಿರ್ಧಾರದಿಂದಾಗುವ ನಷ್ಟ ಬರಿಯ ಹಣದ್ದಾಗಿರಲಿಲ್ಲ.

ಸದ್ದಿನ ಮೂಲ

ಇಂಜಿನ್ನಿನ ಶಕ್ತಿ ಕ್ಲಚ್ಚಿನ ಮೂಲಕ ಗೇರ್‌ಬಾಕ್ಸಿನ ಮೊದಲ ಶಾಫ್ಟಿಗೂ, ಅಲ್ಲಿಂದ ಕೆಳಗಿರುವ ಲೇ ಶಾಫ್ಟಿಗೂ, ಅದರಿಂದ ಮೇಲಿರುವ ಮೇನ್ ಶಾಫ್ಟಿಗೂ ಹರಿದು ಗಾಲಿಗಳನ್ನು ಸೇರುತ್ತದೆ. ಗೇರು ಬದಲಿಸುವಾಗ ಹಲ್ಲಿನ ಚಕ್ರಗಳು ಸರಿದು ಒಂದನ್ನೊಂದು ಕಚ್ಚುತ್ತವೆಂದು ಅನೇಕರು ತಿಳಿದಿರುತ್ತಾರೆ. ಇಂದಿನ ಕಾರುಗಳಲ್ಲಿ ಹಾಗಲ್ಲ. ಮುಂದಕ್ಕೆ ಚಲಿಸುವ ಗೇರುಗಳ ಜೋಡಿಗಳೆಲ್ಲ ಸದಾ ಕಚ್ಚಿಕೊಂಡೇ ಇರುತ್ತವೆ. ಆದರೆ ಮೇನ್ ಶಾಫ್ಟಿನ ಮೇಲಿನ ಚಕ್ರಗಳು ಆ ಶಾಫ್ಟಿಗೆ ಬಂಧಿತವಾಗಿರದೆ ಸ್ವತಂತ್ರವಾಗಿ ತಿರುಗುತ್ತಿರುತ್ತವೆ. ನಾವು ಲಿವರ್ ತಳ್ಳಿದಾಗ ಒಂದು ತೋಳು ಸರಿದು, ಬೇಕಾದ ಚಕ್ರವನ್ನು ಶಾಫ್ಟಿಗೆ ಬಂಧಿಸುತ್ತದೆ.

ತೊಡಕಿರುವುದು ವೇಗದಲ್ಲಿ. ಮೂರನೆಯ ಗೇರಿನ ಅನುಪಾತ 1.5, ಎರಡನೆಯದರದು 2.4 ಎಂದು ಭಾವಿಸೋಣ. ಮೇನ್ ಶಾಫ್ಟು ನಿಮಿಷಕ್ಕೆ 1000 ಸುತ್ತು ತಿರುಗುತ್ತಿರುವಾಗ, ಮೂರನೆಯ ಗೇರಿನಲ್ಲಿ ಮೊದಲ ಶಾಫ್ಟಿನ ವೇಗ 1500 ಸುತ್ತು. ಎರಡನೆಯ ಗೇರಿನಲ್ಲಾದರೆ ಅದು 2400 ಆಗಬೇಕು. ಈ 900 ಸುತ್ತುಗಳ ಅಂತರವನ್ನು ಕ್ಷಣಮಾತ್ರದಲ್ಲಿ ನೀಗಿಸುವ ಭಾಗವೇ ಸಿಂಕ್ರೊನೈಸರ್ ಉಂಗುರ. ಹಿತ್ತಾಳೆಯ ಈ ಉಂಗುರದ ಒಳಮೈ ಶಂಕುವಿನಾಕಾರದ್ದು. ಚಕ್ರದ ಪಕ್ಕದಲ್ಲಿರುವ ಉಕ್ಕಿನ ಶಂಕುವಿನ ಮೇಲೆ ಅದು ಒತ್ತಿ ಉಜ್ಜುತ್ತದೆ. ಘರ್ಷಣೆಯಿಂದ ಎರಡರ ವೇಗವೂ ಒಂದಾಗುತ್ತದೆ. ಆ ಬಳಿಕವೇ ತೋಳು ಮುಂದೆ ಸರಿಯುತ್ತದೆ. ವೇಗಗಳು ಒಂದಾಗುವ ಮೊದಲೇ ತೋಳು ನುಗ್ಗಿದರೆ ಹಲ್ಲಿಗೆ ಹಲ್ಲು ತಾಗಿ ಕರಕರ ಸದ್ದಾಗುತ್ತದೆ.

ಶಂಕುವೇ ಏಕೆ? ಅದರ ಓರೆಯ ಕೋನ ಸುಮಾರು 7 ಡಿಗ್ರಿ. ಅಕ್ಷದ ಗುಂಟ ನಾವು ಒತ್ತುವ ಬಲವನ್ನು ಕೋನದ ಸೈನ್‌ನಿಂದ ಭಾಗಿಸಿದರೆ ಮೈಗೆ ಲಂಬವಾಗಿ ಬೀಳುವ ಬಲ ದೊರೆಯುತ್ತದೆ. 7 ಡಿಗ್ರಿಯ ಸೈನ್ ಸುಮಾರು 0.122. ಎಂದರೆ ಬೆರಳಿನ ಒತ್ತಡ ಎಂಟು ಪಟ್ಟು ಹೆಚ್ಚುತ್ತದೆ! ಕೋನ ಇನ್ನೂ ಕಿರಿದಾದರೆ ಉಂಗುರವು ಬೆಣೆಯಂತೆ ಸಿಕ್ಕಿಕೊಂಡೀತು.

ಆದರೆ ಈ ಎಂಟು ಪಟ್ಟಿನ ಲಾಭಕ್ಕೆ ಎಂಟು ಪಟ್ಟಿನ ದಂಡವೂ ಉಂಟು. ಉಂಗುರದ ಮೈ ಕೇವಲ 0.06 ಮಿಲಿಮೀಟರು ಸವೆದರೆ, ಅದು ಶಂಕುವಿನ ಮೇಲೆ ಸುಮಾರು ಅರ್ಧ ಮಿಲಿಮೀಟರು ಒಳಕ್ಕೆ ಸರಿಯುತ್ತದೆ. ಉಂಗುರಕ್ಕೂ ಚಕ್ರಕ್ಕೂ ನಡುವೆ ಹೊಸತರಲ್ಲಿ ಇರುವ ಸಂದು ಅನೇಕ ಗೇರ್‌ಬಾಕ್ಸುಗಳಲ್ಲಿ ಸುಮಾರು 1 ಮಿಲಿಮೀಟರು ಮಾತ್ರ. ಒಂದು ತಲೆಗೂದಲಿನಷ್ಟು ಸವೆತ ಅದರಲ್ಲಿ ಅರ್ಧವನ್ನು ನುಂಗಿಬಿಡುತ್ತದೆ. ಕಣ್ಣಿಗೆ ಕಾಣದ ಸವೆತವನ್ನು ಫೀಲರ್ ಗೇಜಿನಿಂದ ಅಳೆಯಲು ಸಾಧ್ಯವಾಗುವುದು ಇದರಿಂದಲೇ.

ಬಿಚ್ಚುವ ಮೊದಲು

ಗೇರ್‌ಬಾಕ್ಸಿನದೆಂದು ತೋರುವ ದೋಷಗಳೆಲ್ಲ ಅದರವೇ ಆಗಿರಬೇಕಿಲ್ಲ. ನಾವು ಸ್ಪ್ಯಾನರು ಹಿಡಿಯುವ ಮೊದಲು ಕೆಲವು ಪರೀಕ್ಷೆಗಳನ್ನು ನಡೆಸಿದೆವು.

ಸದ್ದು ಎಲ್ಲ ಗೇರುಗಳಲ್ಲಿಯೂ, ಮುಖ್ಯವಾಗಿ ರಿವರ್ಸಿನಲ್ಲಿಯೂ ಬರುತ್ತಿದ್ದರೆ ಕ್ಲಚ್ಚು ಪೂರ್ತಿ ಬಿಡುತ್ತಿಲ್ಲವೆಂಬ ಸಂಶಯ ಮೊದಲು ಬರಬೇಕು. ಕೇಬಲ್ಲನ್ನು ಸರಿಪಡಿಸುವುದರಲ್ಲೇ ಕೆಲಸ ಮುಗಿದೀತು. ಪೆಡಲ್ ಒತ್ತಿದಾಗ ಮಾತ್ರ ಸದ್ದಾದರೆ ದೋಷ ಹೆಚ್ಚಾಗಿ ಕ್ಲಚ್ಚಿನ ರಿಲೀಸ್ ಬೇರಿಂಗಿನದು. ಕಾರು ನಿಂತು, ನ್ಯೂಟ್ರಲ್‌ನಲ್ಲಿ ಇಂಜಿನ್ ಓಡುತ್ತಿರುವಾಗ ಕೇಳುವ ಸದ್ದು ಪೆಡಲ್ ಒತ್ತಿದೊಡನೆ ನಿಂತರೆ, ಮೊದಲ ಶಾಫ್ಟಿನ ಅಥವಾ ಲೇ ಶಾಫ್ಟಿನ ಬೇರಿಂಗನ್ನು ಶಂಕಿಸಬೇಕು. ಒಂದೇ ಗೇರಿಗೆ ಬದಲಿಸುವಾಗ ಕರಕರ ಸದ್ದು ಬಂದರೆ ಆ ಗೇರಿನ ಉಂಗುರ ಸವೆದಿರುವ ಸಂಭವವೇ ಹೆಚ್ಚು. ನಮ್ಮದು ಈ ಕೊನೆಯ ವರ್ಗಕ್ಕೆ ಸೇರಿತ್ತು.

ಎಣ್ಣೆಯೂ ಸಾಕ್ಷಿ ಹೇಳುತ್ತದೆ. ಬಸಿದ ಎಣ್ಣೆಯಲ್ಲಿ ಹೊಂಬಣ್ಣದ ನುಣ್ಣನೆಯ ಪುಡಿ ತೇಲುತ್ತಿತ್ತು: ಅದು ಹಿತ್ತಾಳೆ. ಆದರೆ ಅಯಸ್ಕಾಂತಕ್ಕೆ ಉಕ್ಕಿನ ಚೂರುಗಳೇನೂ ಅಂಟಲಿಲ್ಲ. ಅಂಟಿದ್ದರೆ ಹಲ್ಲುಗಳೋ ಬೇರಿಂಗುಗಳೋ ಒಡೆದಿವೆಯೆಂದು ತಿಳಿದು, ಸುಸ್ಥಿತಿಯಲ್ಲಿರುವ ಬೇರೊಂದು ಗೇರ್‌ಬಾಕ್ಸನ್ನು ಹುಡುಕುವುದೇ ಲೇಸಾಗುತ್ತಿತ್ತು. ಕೈಪಿಡಿ ಹೇಳಿದ ದರ್ಜೆಯ ಎಣ್ಣೆಯನ್ನೇ ಹಾಕಿ ಒಂದು ವಾರ ಓಡಿಸಿದೆವು. ಅತಿಯಾಗಿ ಜಾರುವ ಎಣ್ಣೆ ಉಂಗುರದ ಘರ್ಷಣೆಯನ್ನೇ ಕುಂದಿಸಬಲ್ಲುದು. ಆದರೂ ಸದ್ದು ನಿಲ್ಲಲಿಲ್ಲ.

ನಮ್ಮ ಕೈಗೆ ಎಷ್ಟು?

ಇನ್ನು ಉಳಿದುದು ನಮ್ಮ ಶಕ್ತಿಯ ಲೆಕ್ಕ. ಕೆಲಸವನ್ನು ಮೂರು ಪಾಲು ಮಾಡಿದೆವು. ಕಾರಿನಿಂದ ಇಳಿಸಿ ಮತ್ತೆ ಏರಿಸುವುದು ಮೊದಲನೆಯದು. ಸಾಧಾರಣ ಸ್ಪ್ಯಾನರುಗಳೂ ಇಬ್ಬರ ನೆರವೂ ಇದಕ್ಕೆ ಸಾಕು. ಆದರೆ ಪೆಟ್ಟಿಗೆ ಮೂವತ್ತು ಕಿಲೋಗ್ರಾಂ ಅಥವಾ ಇನ್ನೂ ಹೆಚ್ಚು ತೂಗೀತು. ಜಾಕ್ ಒಂದನ್ನೇ ನಂಬಿ ಕಾರಿನಡಿ ನುಗ್ಗುವುದು ಪ್ರಾಣಕ್ಕೆ ಎರವಾದೀತು. ಕಾರನ್ನು ಭದ್ರವಾದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಲೇಬೇಕು. ಬಿಚ್ಚಿ, ಅಳೆದು, ಉಂಗುರ ಬದಲಿಸುವುದು ಎರಡನೆಯ ಪಾಲು. ಇದಕ್ಕೆ ಕೈಪಿಡಿ, ತಾಳ್ಮೆ, ಶುಚಿಯಾದ ಮೇಜು ಬೇಕು. ಬಿಗಿಯಾಗಿ ಕುಳಿತ ಬೇರಿಂಗುಗಳನ್ನು ಎಳೆದು ಒತ್ತುವುದು ಮೂರನೆಯದು. ಇದಕ್ಕೆ ಪ್ರೆಸ್ ಬೇಕು. ಸುತ್ತಿಗೆಯಿಂದ ಬಡಿದರೆ ಬೇರಿಂಗಿನ ಉಂಡೆಗಳು ತಮ್ಮ ಹಾದಿಯಲ್ಲಿ ಕುಳಿ ಬೀಳಿಸುತ್ತವೆ. ಹೊಸ ಬೇರಿಂಗು ಮೊದಲ ದಿನವೇ ಹಳತಾಗುತ್ತದೆ.

ಮೊದಲೆರಡು ಪಾಲುಗಳನ್ನು ನಾವು ವಹಿಸಿಕೊಂಡೆವು. ಮೂರನೆಯದನ್ನು ಪ್ರೆಸ್ ಇರುವ ಒಬ್ಬ ಹಿರಿಯ ಮೆಕ್ಯಾನಿಕರಿಗೆ ಒಪ್ಪಿಸಿದೆವು. ಉಂಗುರಗಳು ದೊರೆಯುವುದು ಖಚಿತವಾದ ಮೇಲೆಯೇ ಮೊದಲ ಬೋಲ್ಟನ್ನು ಸಡಿಲಿಸಿದೆವು. ಅಷ್ಟು ದಿನ ತಾಯಿಯವರಿಗಾಗಿ ನೆರೆಯವರ ಕಾರನ್ನು ಮೊದಲೇ ಕೇಳಿಟ್ಟಿದ್ದೆವು.

ಅಳೆದು ನೋಡಿದಾಗ ಎರಡನೆಯ ಗೇರಿನ ಸಂದು 0.3 ಮಿಲಿಮೀಟರು, ಮೂರನೆಯ, ನಾಲ್ಕನೆಯ ಗೇರುಗಳವು 0.9. ಊಹೆ ನಿಜವಾಗಿತ್ತು. ಆದರೂ ಒಂದು ತಪ್ಪು ಮಾಡಿದೆವು. ಗುರುತು ಹಾಕದೆ ತೆಗೆದ ಹಬ್ಬನ್ನು ಹಿಂದುಮುಂದಾಗಿ ಕೂಡಿಸಿದೆವು. ಪೆಟ್ಟಿಗೆಯನ್ನು ಏರಿಸುವ ಮೊದಲು ಪ್ರತಿಯೊಂದು ಗೇರಿನಲ್ಲಿಯೂ ಕೈಯಿಂದ ತಿರುಗಿಸಿ ಸುತ್ತುಗಳನ್ನು ಎಣಿಸುವುದೆಂದು ಗೊತ್ತುಮಾಡಿಕೊಂಡಿದ್ದೆವು. ಎರಡನೆಯ ಗೇರು ಕೂಡಲೇ ಇಲ್ಲ. ಮೇಜಿನ ಮೇಲೆಯೇ ತಪ್ಪು ತಿಳಿದುದರಿಂದ ಒಂದು ಸಂಜೆ ಮಾತ್ರ ವ್ಯರ್ಥವಾಯಿತು. ಸರಿಪಡಿಸಿದ ಬಳಿಕ ಮೊದಲ ಶಾಫ್ಟನ್ನು ಹನ್ನೆರಡು ಸುತ್ತು ತಿರುಗಿಸಿದಾಗ ಮೇನ್ ಶಾಫ್ಟು ಐದು ಸುತ್ತು ತಿರುಗಿತು. ವಿದ್ಯಾರ್ಥಿಯೊಬ್ಬನು ಅದನ್ನು ಭಾಗಿಸಿ, "2.4 ಸಾರ್!" ಎಂದು ಕೂಗಿದನು.

ಇದರಿಂದ ತಿಳಿಯುವುದಿಷ್ಟು. ದೋಷ ಎಲ್ಲಿದೆಯೆಂದು ಹೊರಗಿನಿಂದಲೇ ಊಹಿಸಲು ಸಾಧ್ಯವಾಗಿ, ಆ ಊಹೆಯನ್ನು ಅಳತೆಯಿಂದ ಪರೀಕ್ಷಿಸಲು ಬರುವಂತಿದ್ದರೆ, ಬಿಡಿಭಾಗವೂ ದೊರೆಯುವುದಾದರೆ, ಧೈರ್ಯವಾಗಿ ಬಿಚ್ಚಬಹುದು. ಇವುಗಳಲ್ಲಿ ಒಂದಿಲ್ಲದಿದ್ದರೂ ಬಲ್ಲವರ ಬಾಗಿಲಿಗೆ ಹೋಗುವುದೇ ಜಾಣತನ. ಕೈಯಲ್ಲಿ ಸ್ಪ್ಯಾನರು ಇದೆಯೆಂಬುದು ಬಿಚ್ಚುವುದಕ್ಕೆ ಕಾರಣವಾಗಲಾರದು. ಕೇಳಬೇಕಾದ ಪ್ರಶ್ನೆ ಯಾವುದೆಂದು ತಿಳಿದಿದ್ದರೆ ಆಗಬಹುದು.